ಬ್ಯಾಲಾರ್ಡ್ ಪಿಯರಿಗೆ ಬಂದ ಇಟಲಿಯ ಹಡಗುಗಳು

ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರಗಳಿಂದ ಮುಂಬಯಿಗೆ ಬಂದು ನೆಲೆಸಿದ ಹಳೆಯ ತಲೆಮಾರಿನ ಕನ್ನಡಿಗರಿಗೆ ಹಡಗು ಹೊಸದಲ್ಲ. ಘಟ್ಟದ ರಸ್ತೆಗಳು ಸುಗಮವಾಗುವುದಕ್ಕೆ ಮುಂಚೆ ಕರಾವಳಿಯ ಸ್ಟೀಮರಿನಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು, ಅವಲಕ್ಕಿಯ ಗಂಟನ್ನು ತಲೆದಿಂಬಾಗಿಸಿಕೊಂಡು ಈ ನಗರಕ್ಕೆ ಬಂದಿಳಿದವರು ಅನೇಕರು. ಆದರೆ ಅವರು ಇಳಿದ ಧಕ್ಕೆಯಿಂದ ಅನತಿದೂರದಲ್ಲಿಯೇ ಇನ್ನೊಂದು ಧಕ್ಕೆಯಿತ್ತು. ಅಲ್ಲಿಗೆ ಬಿಳಿಯ ಬಣ್ಣದ ಎತ್ತರದ ಹಡಗುಗಳು ಬರುತ್ತಿದ್ದವು. ಅವುಗಳಿಂದ ಇಳಿದವರಿಗಾಗಿ ರೈಲುಗಾಡಿಯೇ ಧಕ್ಕೆಯ ಬಳಿ ಬಂದು ನಿಲ್ಲುತ್ತಿತ್ತು. ಅದೇ ಬ್ಯಾಲಾರ್ಡ್ ಪಿಯರ್. 1873ರಲ್ಲಿ ಸ್ಥಾಪನೆಗೊಂಡ ಮುಂಬಯಿ ಪೋರ್ಟ್ ಟ್ರಸ್ಟಿಗೆ ಕಾರಣಪುರುಷನಾದ ಕರ್ನಲ್ ಬ್ಯಾಲಾರ್ಡನ ಹೆಸರನ್ನು ಅದು ಹೊತ್ತಿದೆ. 1928ರಲ್ಲಿ ಆರಂಭವಾದ ಫ್ರಾಂಟಿಯರ್ ಮೇಲ್ ಗಾಡಿಯು, ವಿಲಾಯತಿಯ ಟಪ್ಪಾಲು ಬಂದ ದಿನಗಳಲ್ಲಿ ಪೇಶಾವರಕ್ಕೆ ಹೊರಡುತ್ತಿದ್ದುದು ಇಲ್ಲಿಂದಲೇ.

ಈ ಧಕ್ಕೆಯ ಇತಿಹಾಸವೆಂದರೆ ಪಿ. ಅಂಡ್ ಓ. ಎಂಬ ಇಂಗ್ಲಿಷ್ ಕಂಪೆನಿಯ ಇತಿಹಾಸವೆಂದೇ ಸಾಮಾನ್ಯವಾದ ಭಾವನೆ. ಅದರ ಪ್ರತಿಸ್ಪರ್ಧಿಯಾಗಿ ಸುಮಾರು ನೂರು ವರ್ಷಗಳ ಕಾಲ ಮುಂಬಯಿಗೆ ಬಂದುಹೋದ ಇಟಲಿಯ ಲಾಯ್ಡ್ ತ್ರಿಯೆಸ್ತಿನೊ ಸಂಸ್ಥೆಯನ್ನು ಸ್ಮರಿಸುವವರು ವಿರಳ. ಆದರೆ ಭಾರತದ ರಾಜಕೀಯ, ವಿದ್ಯಾಭ್ಯಾಸ ಮತ್ತು ವೈದ್ಯಕೀಯ ಚರಿತ್ರೆಗಳಲ್ಲಿ ಈ ಸಂಸ್ಥೆಯ ಹಡಗುಗಳ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ.

ಲಾಯ್ಡ್ ಎಂಬುದು ಇಟಲಿಯ ಹೆಸರಲ್ಲ. ಸಂಸ್ಥೆಯೂ ಮೂಲತಃ ಇಟಲಿಯದಲ್ಲ. ಆಡ್ರಿಯಾಟಿಕ್ ಸಮುದ್ರದ ಶಿರೋಭಾಗದಲ್ಲಿರುವ ತ್ರಿಯೆಸ್ತೆ ಪಟ್ಟಣವು ಆಗ ಆಸ್ಟ್ರಿಯಾ ಸಾಮ್ರಾಜ್ಯದ ಮಹಾ ಬಂದರವಾಗಿತ್ತು. 1833ರಲ್ಲಿ ಅಲ್ಲಿಯ ವಿಮಾ ಕಂಪೆನಿಗಳವರು ಮತ್ತು ವರ್ತಕರು ಕೂಡಿ, ಲಂಡನ್ನಿನ ಲಾಯ್ಡ್ಸ್ ವಿಮಾ ಕೇಂದ್ರದ ಮಾದರಿಯಲ್ಲಿ, ಹಡಗುಗಳ ಆಗಮನ ನಿರ್ಗಮನಗಳ ಸಮಾಚಾರವನ್ನು ಸಂಗ್ರಹಿಸುವ ಒಂದು ಕಚೇರಿಯನ್ನು ತೆರೆದರು. ಆಸ್ಟ್ರಿಯನ್ ಲಾಯ್ಡ್ ಎಂಬುದು ಅದರ ಹೆಸರು. ಹೀಗೆ ಈ ಪ್ರಖ್ಯಾತ ಹಡಗು ಕಂಪೆನಿಯ ಬಳಿ ಮೊದಲ ಮೂರು ವರ್ಷ ಒಂದು ದೋಣಿಯೂ ಇರಲಿಲ್ಲ. ಇದ್ದುದು ವಾರ್ತಾಪತ್ರಗಳು ಮತ್ತು ಲೆಕ್ಕದ ಪುಸ್ತಕಗಳು ಮಾತ್ರ. 1836ರಲ್ಲಿ ಹಡಗು ವಿಭಾಗವು ಆರಂಭವಾಯಿತು. ಮರುವರ್ಷ ಅದರ ಮೊದಲನೆಯ ಉಗಿಹಡಗು ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟಿತು. ಪರರ ಹಡಗುಗಳ ಅಪಾಯವನ್ನು ವರ್ಷಗಟ್ಟಲೆ ಲೆಕ್ಕ ಹಾಕಿದವರು ತಾವೇ ಹಡಗಿಗೆ ಹಣ ಹೂಡಿದರೆಂಬುದು ಗಮನಾರ್ಹವಾದ ಸಂಗತಿ.

1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಅದುವರೆಗೆ ಯೂರೋಪಿನ ಒಂದು ಮೂಲೆಯಲ್ಲಿದ್ದ ತ್ರಿಯೆಸ್ತೆ, ವೆನಿಸ್, ಜಿನೋವಾ, ಬ್ರಿಂಡಿಸಿ ಬಂದರಗಳು ಒಮ್ಮೆಲೇ ಭಾರತದ ಹೆಬ್ಬಾಗಿಲಿನ ಎದುರಿಗೆ ಬಂದು ನಿಂತವು. 1870ರಲ್ಲಿಯೇ ಆಸ್ಟ್ರಿಯನ್ ಲಾಯ್ಡ್ ಮುಂಬಯಿಗೆ ಹಡಗು ಕಳುಹಿಸಿತು. ಅದೇ ವರ್ಷ ಜಿನೋವಾದ ರುಬಾತ್ತಿನೊ ಕಂಪೆನಿಯೂ ಮುಂಬಯಿ ಮಾರ್ಗವನ್ನು ಆರಂಭಿಸಿತು. ಕಲ್ಲಿದ್ದಲು ತುಂಬಿಕೊಳ್ಳಲು ಒಂದು ತಂಗುದಾಣ ಬೇಕೆಂದು ರುಬಾತ್ತಿನೊ ಕಂಪೆನಿಯವರು ಕೆಂಪು ಸಮುದ್ರದ ದಂಡೆಯ ಮೇಲೆ ಅಸಾಬ್ ಎಂಬಲ್ಲಿ ನೆಲವನ್ನು ಖರೀದಿಸಿದ್ದರು. 1882ರಲ್ಲಿ ಇಟಲಿ ಸರಕಾರವು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದೇ ಆ ದೇಶದ ಪ್ರಥಮ ವಸಾಹತು. ಒಂದು ಕಂಪೆನಿಯ ಖರೀದಿಪತ್ರದಿಂದ ಆರಂಭವಾದ ಸಾಮ್ರಾಜ್ಯದ ಕಥೆ ಭಾರತೀಯರಿಗೆ ಹೊಸದಾಗಿ ಹೇಳಬೇಕಾದುದಲ್ಲ.

ಇಂಗ್ಲಿಷ್ ಟಪ್ಪಾಲಿಗೂ ಇಟಲಿಯೇ ದಾರಿಯಾಯಿತು. ಲಂಡನ್ನಿನಿಂದ ರೈಲಿನಲ್ಲಿ ಬ್ರಿಂಡಿಸಿಗೆ ಬಂದು ಅಲ್ಲಿಂದ ಹಡಗೇರುತ್ತಿದ್ದ ಭಾರತದ ಟಪ್ಪಾಲು, 1870ರಿಂದ ಮೊದಲನೆಯ ಮಹಾಯುದ್ಧದವರೆಗೂ ಈ ಕ್ರಮವನ್ನು ಅನುಸರಿಸಿತು. ಈ ಅವಧಿಯಲ್ಲಿಯೇ ಕನ್ನಡ ಕರಾವಳಿಗೂ ಇಟಲಿಗೂ ಸಂಬಂಧ ಬೆಳೆಯಿತು. 1878ರ ಡಿಸೆಂಬರ್ 31ರಂದು ಜೆಸುಯಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಆ ತಂಡದಲ್ಲಿ ಇಟಲಿಯವರೇ ಹೆಚ್ಚು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಸ್ಥಾಪನೆಯಾಯಿತು. ಅದೇ ತಂಡದಲ್ಲಿ ಬಂದ ಜರ್ಮನ್ ಪಾದ್ರಿ ಮುಲ್ಲರರು ತೆರೆದ ಔಷಧಾಲಯವೇ ಇಂದಿನ ಕಂಕನಾಡಿಯ ಆಸ್ಪತ್ರೆ. ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನು ಚಿತ್ರಗಳಿಂದ ತುಂಬಿದ ಬ್ರದರ್ ಮೊಸ್ಕೇನಿ ಉತ್ತರ ಇಟಲಿಯ ಬೆರ್ಗಮೊ ಪಟ್ಟಣದ ಸಮೀಪದವರು. ಎದುರು ದಿಕ್ಕಿನ ಪ್ರಯಾಣ ಮಾತ್ರ ಸುಲಭವಾಗಿರಲಿಲ್ಲ. ಹಣ ಒದಗಿದವರಿಗೂ ಜಾತಿ ಅಡ್ಡಬರುತ್ತಿತ್ತು. ಸಮುದ್ರ ದಾಟಿದವನಿಗೆ ಪ್ರಾಯಶ್ಚಿತ್ತವೆಷ್ಟು, ಪಂಕ್ತಿಯಲ್ಲಿ ಸ್ಥಾನವುಂಟೇ ಎಂಬ ವಾದಗಳು ವರ್ಷಗಟ್ಟಲೆ ನಡೆಯುತ್ತಿದ್ದವು. ಹೊನ್ನಾವರದಲ್ಲಿ ಜನಿಸಿ ಮುಂಬಯಿಯಲ್ಲಿ ವಕೀಲರಾಗಿದ್ದ ನಾರಾಯಣ ಗಣೇಶ ಚಂದಾವರಕರರು 1885ರಲ್ಲಿ ಇಂಗ್ಲೆಂಡಿಗೆ ಹೋಗಿಬಂದುದು ಅಂತಹ ಕಾಲದಲ್ಲಿ.

ಹಡಗುಗಳು ಸರಕನ್ನೂ ಪ್ರಯಾಣಿಕರನ್ನೂ ಮಾತ್ರ ಒಯ್ಯುವುದಿಲ್ಲವೆಂಬುದು 1896ರಲ್ಲಿ ಸ್ಪಷ್ಟವಾಯಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಮಾಂಡವಿ ವಿಭಾಗದ ರೋಗಿಗಳನ್ನು ಪರೀಕ್ಷಿಸಿದ ಡಾ. ವಿಯೇಗಸ್ ಅವರು ಇದು ಪ್ಲೇಗ್ ಎಂದು ಸಾರಿದರು. ಮಾಂಡವಿಯೆಂದರೆ ಬಂದರಕ್ಕೆ ಅಂಟಿಕೊಂಡ ಧಾನ್ಯದ ಮಂಡಿಗಳ ಪ್ರದೇಶ. ಇಲಿಗೆ ಆಹಾರ ಮತ್ತು ಹಡಗು, ಎರಡೂ ಅಲ್ಲಿ ಕೈಗೆಟಕುವಂತಿದ್ದವು. ಮುಂಬಯಿಯ ರೋಗವು ಹಡಗೇರಿ ತ್ರಿಯೆಸ್ತೆಗೆ ಬಂದರೆ ಅಲ್ಲಿಂದ ವಿಯೆನ್ನಾಕ್ಕೆ ರೈಲುಪ್ರಯಾಣ ಮಾತ್ರ. ಆದುದರಿಂದ ಆಸ್ಟ್ರಿಯಾದ ಆತಂಕವು ಸಹಜವಾಗಿತ್ತು. 1897ರ ಆರಂಭದಲ್ಲಿ ವೆನಿಸ್ಸಿನಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನವು ಕೇವಲ ಪ್ಲೇಗಿನ ವಿಚಾರವಾಗಿ ಸೇರಿತು. ಹಡಗುಗಳ ತಪಾಸಣೆ, ಸಾಮಾನುಗಳ ಶುದ್ಧೀಕರಣ, ಸಂಶಯಾಸ್ಪದ ಪ್ರಯಾಣಿಕರ ನಿಗಾವಣೆ ಮೊದಲಾದ ನಿಯಮಗಳು ಅಲ್ಲಿ ರೂಪುಗೊಂಡವು.

ಅದೇ ವರ್ಷ ವಿಯೆನ್ನಾದ ವಿಜ್ಞಾನ ಅಕಾಡೆಮಿಯು ವೈದ್ಯರ ಒಂದು ಆಯೋಗವನ್ನು ಮುಂಬಯಿಗೆ ಕಳುಹಿಸಿತು. ಅದರಲ್ಲಿ ಪ್ರಮುಖರಾದವರು ಡಾ. ಹೆರ್ಮನ್ ಮ್ಯುಲ್ಲರ್. ಅವರು ಆರ್ಥರ್ ರೋಡಿನ ಆಸ್ಪತ್ರೆಯಲ್ಲಿ, ಎಂದರೆ ಇಂದಿನ ಕಸ್ತೂರ್ಬಾ ಆಸ್ಪತ್ರೆಯಲ್ಲಿ, ರೋಗಿಗಳ ಹಾಸಿಗೆಯ ಪಕ್ಕದಲ್ಲಿ ನಿಂತು ಅಧ್ಯಯನ ಮಾಡಿದರು. ಯಾವ ಅಪಾಯವೂ ಇಲ್ಲದೆ ಮನೆಗೆ ಮರಳಿದರು. ಆಯೋಗವು ತನ್ನೊಡನೆ ರೋಗಾಣುಗಳನ್ನೂ ಸಂಶೋಧನೆಗಾಗಿ ಒಯ್ದಿತ್ತು. 1898ರ ಅಕ್ಟೋಬರಿನಲ್ಲಿ ವಿಯೆನ್ನಾದ ಪ್ರಯೋಗಶಾಲೆಯ ಒಬ್ಬ ಪರಿಚಾರಕನಿಗೆ ಸೋಂಕು ತಗುಲಿತು. ಮ್ಯುಲ್ಲರರೇ ಅವನ ಶುಶ್ರೂಷೆಗೆ ನಿಂತರು. ಪರಿಚಾರಕನು ಸತ್ತನು, ಹಿಂದೆಯೇ ಮ್ಯುಲ್ಲರರೂ ಒಬ್ಬ ದಾದಿಯೂ ಅಸುನೀಗಿದರು. ಮುಂಬಯಿಯ ಸಾವಿರಾರು ರೋಗಿಗಳ ನಡುವೆ ಉಳಿದುಬಂದ ವೈದ್ಯನು ತನ್ನ ಊರಿನಲ್ಲಿ ಒಬ್ಬ ರೋಗಿಯ ಶುಶ್ರೂಷೆಯಲ್ಲಿ ತೀರಿಕೊಂಡನು.

ಮೊದಲನೆಯ ಮಹಾಯುದ್ಧದ ಅಂತ್ಯದಲ್ಲಿ ಆಸ್ಟ್ರಿಯಾ ಸಾಮ್ರಾಜ್ಯವು ಒಡೆದು ತ್ರಿಯೆಸ್ತೆ ಇಟಲಿಗೆ ಸೇರಿತು. ಕಂಪೆನಿಯು ಲಾಯ್ಡ್ ತ್ರಿಯೆಸ್ತಿನೊ ಎಂದು ನಾಮಾಂತರ ಹೊಂದಿತು. ಮುಂಬಯಿ ಮಾರ್ಗವು ಮುಂದುವರಿಯಿತು. 1931ರ ಡಿಸೆಂಬರಿನಲ್ಲಿ ಎರಡನೆಯ ದುಂಡುಮೇಜಿನ ಪರಿಷತ್ತು ಮುಗಿಸಿಕೊಂಡ ಮಹಾತ್ಮಾ ಗಾಂಧಿಯವರು ಸ್ವಿಜರ್ಲೆಂಡಿನಲ್ಲಿ ರೊಮೇನ್ ರೋಲಾ ಅವರನ್ನು ಕಂಡು, ರೋಮ್ ನಗರವನ್ನು ಸಂದರ್ಶಿಸಿ, 14ನೆಯ ತಾರೀಖು ಬ್ರಿಂಡಿಸಿಯಲ್ಲಿ ಈ ಕಂಪೆನಿಯ ಪಿಲ್ಸ್ನಾ ಹಡಗನ್ನು ಏರಿದರು. 28ರಂದು ಮುಂಬಯಿಯಲ್ಲಿ ಇಳಿದರು. ಒಂದು ವಾರದಲ್ಲಿ, 1932ರ ಜನವರಿ 4ರಂದು, ಮಣಿಭವನದಲ್ಲಿ ಅವರ ಬಂಧನವಾಯಿತು.

ಇಟಲಿಯ ಹಡಗುಗಳನ್ನು ಭಾರತೀಯರು ಆಯ್ದುಕೊಳ್ಳಲು ಒಂದು ಕಾರಣವು ಭೂಪಟದಲ್ಲಿಯೇ ಇದೆ. ಲಂಡನ್ನಿಗೆ ಹೋಗುವವರಿಗೆ ಪಿ. ಅಂಡ್ ಓ. ಸರಿ, ಆದರೆ ವಿಯೆನ್ನಾಕ್ಕೆ, ಸ್ವಿಜರ್ಲೆಂಡಿನ ಕ್ಷಯರೋಗದ ಆರೋಗ್ಯಧಾಮಗಳಿಗೆ, ಜರ್ಮನಿಯ ವಿಶ್ವವಿದ್ಯಾಲಯಗಳಿಗೆ ಹೋಗುವವರಿಗೆ ವೆನಿಸ್ ಅಥವಾ ತ್ರಿಯೆಸ್ತೆಯೇ ಹತ್ತಿರ. ಸ್ಟ್ರೆಪ್ಟೊಮೈಸಿನ್ ಇನ್ನೂ ಹುಟ್ಟಿರದ ಆ ದಿನಗಳಲ್ಲಿ ಕ್ಷಯಕ್ಕೆ ಒಳ್ಳೆಯ ಗಾಳಿ, ಆಹಾರ, ವಿಶ್ರಾಂತಿಗಳೇ ಮುಖ್ಯ ಚಿಕಿತ್ಸೆ. ಆ ಗಾಳಿಯನ್ನು ಅರಸಿ ಹಡಗು ಏರುವ ಸಾಮರ್ಥ್ಯವು ಎಷ್ಟು ಜನರಿಗಿತ್ತು ಎಂಬುದು ಬೇರೆ ಪ್ರಶ್ನೆ.

ಸುಭಾಷಚಂದ್ರ ಬೋಸರದು ಇದೇ ದಾರಿ. ಸೆರೆಮನೆಯಲ್ಲಿ ಅವರ ಆರೋಗ್ಯವು ಹದಗೆಟ್ಟು, ಕ್ಷಯದ ಸಂಶಯ ಉಂಟಾಗಿ, ಸ್ವಂತ ಖರ್ಚಿನಲ್ಲಿ ಯೂರೋಪಿಗೆ ಹೋಗುವುದಾದರೆ ಬಿಡುವುದಾಗಿ ಸರಕಾರವು ಒಪ್ಪಿತು. 1933ರ ಫೆಬ್ರವರಿ 23ರಂದು ಅವರನ್ನು ಪೋಲೀಸರ ಕಾವಲಿನಲ್ಲಿಯೇ ಮುಂಬಯಿಯಲ್ಲಿ ಹಡಗಿಗೆ ಏರಿಸಲಾಯಿತು. ಹಡಗು ಹೊರಡುವವರೆಗೂ ಅವರು ಬಂದಿಯೇ. ಆ ಹಡಗಿನ ಹೆಸರು ಗಾಂಜೆ, ಎಂದರೆ ಇಟಲಿ ಭಾಷೆಯಲ್ಲಿ ಗಂಗಾನದಿ. ಮಾತೃಭೂಮಿಯಿಂದ ಹೊರಹಾಕಲ್ಪಟ್ಟವನನ್ನು ಗಂಗೆಯ ಹೆಸರಿನ ವಿದೇಶೀ ಹಡಗು ಒಯ್ದದ್ದು ಕಾಕತಾಳೀಯವಾದರೂ ಮನಸ್ಸನ್ನು ಕಲಕುತ್ತದೆ. ವೆನಿಸ್ಸಿನಲ್ಲಿ ಇಳಿದು ಅವರು ವಿಯೆನ್ನಾ ಸೇರಿದರು. 1935ರಲ್ಲಿ ಅಲ್ಲಿಯೇ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಮರಳಿ ಬಂದದ್ದೂ ಇದೇ ಕಂಪೆನಿಯ ಕೋಂತೆ ವೆರ್ದೆ ಹಡಗಿನಲ್ಲಿ. 1936ರ ಏಪ್ರಿಲ್ 8ರಂದು ಹಡಗು ಮುಂಬಯಿಯನ್ನು ಮುಟ್ಟಿದೊಡನೆ ಅವರನ್ನು ಬಂಧಿಸಲಾಯಿತು.

ಕೋಂತೆ ವೆರ್ದೆ ಮತ್ತು ಕೋಂತೆ ರೋಸ್ಸೊ, ಎಂದರೆ ಹಸಿರು ಪ್ರಭು ಮತ್ತು ಕೆಂಪು ಪ್ರಭು, ಸಾವೊಯ್ ರಾಜವಂಶದ ಇಬ್ಬರು ಪೂರ್ವಿಕರ ಬಿರುದುಗಳು. ತಲಾ ಸುಮಾರು 18,000 ಟನ್ನಿನ ಈ ಜೋಡಿ ಹಡಗುಗಳು ನಿರ್ಮಾಣವಾದದ್ದು ಸ್ಕಾಟ್ಲೆಂಡಿನಲ್ಲಿ, ಅಮೇರಿಕಾ ಮಾರ್ಗಕ್ಕಾಗಿ. 1930ರಲ್ಲಿ ಉರುಗ್ವೆಯಲ್ಲಿ ಜರುಗಿದ ಪ್ರಥಮ ವಿಶ್ವಕಪ್ ಫುಟ್‌ಬಾಲಿಗೆ ಯೂರೋಪಿನ ತಂಡಗಳನ್ನೂ ಕಪ್ಪನ್ನೂ ಒಯ್ದದ್ದು ಕೋಂತೆ ವೆರ್ದೆ. 1932ರಲ್ಲಿ ಇಟಲಿ ಸರಕಾರವು ತನ್ನ ಹಡಗು ಕಂಪೆನಿಗಳನ್ನು ಪುನರ್ರಚಿಸಿದಾಗ ಇವೆರಡೂ ಲಾಯ್ಡ್ ತ್ರಿಯೆಸ್ತಿನೊ ಪಾಲಿಗೆ ಬಂದು, ಮುಂಬಯಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್ ಮಾರ್ಗವಾಗಿ ಶಾಂಘಾಯಿಗೆ ಹೋಗತೊಡಗಿದವು. ಆ ವರ್ಷದ ಮೇ 26ರಂದು ಡಾ. ಅಂಬೇಡಕರರು ದಲಿತರ ಪ್ರತ್ಯೇಕ ಪ್ರಾತಿನಿಧ್ಯದ ಪ್ರಶ್ನೆಯನ್ನು ಬ್ರಿಟಿಷ್ ಮಂತ್ರಿಗಳ ಮುಂದೆ ಖುದ್ದಾಗಿ ಇಡಲು ಮುಂಬಯಿಯಿಂದ ಹೊರಟದ್ದು ಕೋಂತೆ ರೋಸ್ಸೊದಲ್ಲಿ.

1938ರಿಂದ ಈ ಹಡಗುಗಳ ಪ್ರಯಾಣಿಕರ ಸ್ವರೂಪವೇ ಬದಲಾಯಿತು. ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಹೊರಟ ಜರ್ಮನಿ ಮತ್ತು ಆಸ್ಟ್ರಿಯಾದ ಯಹೂದಿಗಳು ಶಾಂಘಾಯಿಯನ್ನು ಅರಸಿದರು; ವೀಸಾ ಇಲ್ಲದೆ ಇಳಿಯಬಹುದಾದ ಬಂದರವು ಪ್ರಪಂಚದಲ್ಲಿ ಅದೊಂದೇ ಎನ್ನುವಂತಿತ್ತು. ಅಂತಹ ಸಾವಿರಾರು ಮಂದಿ ಜಿನೋವಾ, ತ್ರಿಯೆಸ್ತೆಗಳಲ್ಲಿ ಇಟಲಿಯ ಹಡಗು ಏರಿ ಮುಂಬಯಿಯ ಮೂಲಕ ಹಾದುಹೋದರು. ವಕೀಲರು, ವೈದ್ಯರು, ಅಂಗಡಿಯ ಒಡೆಯರು. ಟಿಕೇಟನ್ನು ಸ್ವದೇಶದಲ್ಲಿಯೇ ಕೊಂಡು, ಕೈಯಲ್ಲಿ ಹತ್ತು ಮಾರ್ಕ್ ಮಾತ್ರ ಹಿಡಿದು ಹೊರಡಬೇಕೆಂಬುದು ಜರ್ಮನಿಯ ಕಟ್ಟಳೆ. ಉಣ್ಣಲು ಬಿಳಿಯ ಮೇಜುವಸ್ತ್ರ, ಸಂಜೆಗೆ ವಾದ್ಯಗೋಷ್ಠಿ, ಆದರೆ ಜೇಬು ಬರಿದು. ಬ್ಯಾಲಾರ್ಡ್ ಪಿಯರಿನಲ್ಲಿ ಕಟಕಟೆಗೆ ಒರಗಿ ನಿಂತ ಅವರನ್ನು ಕಂಡ ಮುಂಬಯಿಗರಿಗೆ ಅವರು ಶ್ರೀಮಂತ ಪ್ರವಾಸಿಗಳಂತೆಯೇ ಕಂಡಿರಬೇಕು. ಅಂತಹ ನಿರಾಶ್ರಿತ ವೈದ್ಯರಲ್ಲಿ ಕೆಲವರು ಮುಂಬಯಿಯಲ್ಲಿಯೇ ಇಳಿದು ವೃತ್ತಿ ನಡೆಸಿದುದೂ ಉಂಟು.

1940ರ ಜೂನ್ 10ರಂದು ಇಟಲಿಯು ಯುದ್ಧಕ್ಕಿಳಿಯಿತು; ಮುಂಬಯಿ ಮಾರ್ಗ ಮುಚ್ಚಿತು. ಮುಂದಿನ ಮೂರು ವರ್ಷಗಳ ಲೆಕ್ಕವು ಬರೀ ಖರ್ಚಿನ ಬಾಬು. ಸೈನಿಕರನ್ನು ತುಂಬಿಕೊಂಡು ಹೊರಟ ಕೋಂತೆ ರೋಸ್ಸೊ 1941ರ ಮೇ 24ರಂದು ಸಿಸಿಲಿಯ ಸಮೀಪ ಬ್ರಿಟಿಷ್ ಸಬ್‌ಮರೀನಿನ ಹೊಡೆತಕ್ಕೆ ಸಿಲುಕಿ ಮುಳುಗಿತು. ಸುಮಾರು 1,300 ಜನ ಸತ್ತರು. 1931ರಲ್ಲಿ ತ್ರಿಯೆಸ್ತೆಯಲ್ಲಿಯೇ ಕಟ್ಟಿದ, ವೇಗಕ್ಕೆ ಹೆಸರಾಗಿದ್ದ ವಿಕ್ಟೋರಿಯಾ 1942ರ ಜನವರಿಯಲ್ಲಿ ಲಿಬಿಯಾದ ಹತ್ತಿರ ಮುಳುಗಿತು. ಶಾಂಘಾಯಿಯಲ್ಲಿ ಸಿಲುಕಿಕೊಂಡ ಕೋಂತೆ ವೆರ್ದೆಯನ್ನು 1943ರಲ್ಲಿ, ಜಪಾನೀಯರ ಕೈಗೆ ಸಿಗಬಾರದೆಂದು, ಅದರ ನಾವಿಕರೇ ಮುಳುಗಿಸಿದರು. ಗ್ರದಿಸ್ಕ ಎಂಬ ಹಡಗು ಮಾತ್ರ ಆಸ್ಪತ್ರೆಯಾಗಿ ಪರಿವರ್ತನೆ ಹೊಂದಿ, 1941ರ ಮಾಟಪಾನ್ ಕಾಳಗದ ಅನಂತರ ಸಮುದ್ರದಲ್ಲಿ ತೇಲುತ್ತಿದ್ದ ನೂರಕ್ಕೂ ಹೆಚ್ಚು ನಾವಿಕರನ್ನು ಎತ್ತಿ ಉಳಿಸಿತು. ಅವರಿರುವ ಸ್ಥಳವನ್ನು ಇಟಲಿಯವರಿಗೆ ರೇಡಿಯೋ ಮೂಲಕ ತಿಳಿಸಿದವನು ಶತ್ರುಪಕ್ಷದ ಬ್ರಿಟಿಷ್ ಸೇನಾಪತಿ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಯುದ್ಧಾನಂತರ ಕಂಪೆನಿಯು ಮತ್ತೆ ಏಳು ಹೊಸ ಪ್ರಯಾಣಿಕ ಹಡಗುಗಳನ್ನು ಕಟ್ಟಿಸಿತು. ಆಸ್ಟ್ರೇಲಿಯಾಕ್ಕೆ ಮೂರು, ಆಫ್ರಿಕಾಕ್ಕೆ ಎರಡು, ಭಾರತ ಮತ್ತು ದೂರಪ್ರಾಚ್ಯಕ್ಕೆ ಎರಡು. ಈ ಕೊನೆಯ ಜೋಡಿಯೇ 1953ರಲ್ಲಿ ಸಂಚಾರ ಆರಂಭಿಸಿದ ಏಷ್ಯಾ ಮತ್ತು ಎರಡನೆಯ ವಿಕ್ಟೋರಿಯಾ. ಒಂದೊಂದೂ 11,000 ಟನ್ನಿಗೆ ಮೀರಿದ್ದು, ಪ್ರಯಾಣಿಕರ ಸಂಖ್ಯೆ ಐನೂರರ ಒಳಗೆ, ವೇಗ ಹತ್ತೊಂಬತ್ತು ನಾಟಿಗೂ ಮಿಗಿಲು. ಸೂಯೆಜ್, ಏಡನ್, ಕರಾಚಿ, ಮುಂಬಯಿ, ಕೊಲಂಬೊಗಳ ಸೆಕೆಯಲ್ಲಿ ಹಾದುಹೋಗಬೇಕಾದ್ದರಿಂದ ಹಡಗಿಗೆ ಹವಾನಿಯಂತ್ರಣವಿತ್ತು. 1954ರಲ್ಲಿ ಕೆ-2 ಶಿಖರವನ್ನು ಪ್ರಥಮತಃ ಏರಿದ ಇಟಲಿಯ ಪರ್ವತಾರೋಹಿಗಳು ಜಿನೋವಾದಿಂದ ಕರಾಚಿಗೆ ಬಂದದ್ದು ಏಷ್ಯಾ ಹಡಗಿನಲ್ಲಿ.

ಮುಂಬಯಿಯಿಂದ ಉನ್ನತ ವ್ಯಾಸಂಗಕ್ಕೆ ಹೊರಟ ಎಷ್ಟೋ ವೈದ್ಯರು, ಇಂಜಿನಿಯರರು, ಸಂಶೋಧಕರು ಐವತ್ತು ಮತ್ತು ಅರವತ್ತರ ದಶಕಗಳಲ್ಲಿ ಇಂತಹ ಹಡಗುಗಳನ್ನು ಏರಿದವರು. ಅವರು ಹೊರಡುವ ಮುನ್ನ ಹಾದುಹೋಗಬೇಕಾದ ಮೇಜುಗಳು ಹಲವು. ಮೊದಲು ಸಿಡುಬು, ಕಾಲರಾಗಳಿಗೆ ಚುಚ್ಚಿಸಿಕೊಂಡು ಹಳದಿ ಪುಸ್ತಿಕೆಯಲ್ಲಿ ಮೊಹರು. ಬಳಿಕ ರಿಸರ್ವ್ ಬ್ಯಾಂಕಿನ ಪಿ ಫಾರ್ಮು. ಅದು ಮಂಜೂರಾಗದೆ ಹಡಗಿನ ಟಿಕೇಟು ದೊರೆಯುತ್ತಿರಲಿಲ್ಲ. ಅನಂತರ ವಿದೇಶೀ ವಿನಿಮಯ. ಅರವತ್ತರ ದಶಕದ ಉತ್ತರಾರ್ಧದಲ್ಲಿ ಸಾಮಾನ್ಯ ಪ್ರಯಾಣಿಕನು ಕೈಯಲ್ಲಿ ಒಯ್ಯಬಹುದಾಗಿದ್ದ ಮೊತ್ತವು ಎಂಟು ಡಾಲರು. ಹಡಗಿನ ಊಟ ಟಿಕೇಟಿನಲ್ಲಿಯೇ ಸೇರಿತ್ತು. ಎಂಟು ಡಾಲರಿನವನಿಗೆ ಎರಡು ವಾರಗಳ ಆ ಊಟವೇ ಒಂದು ಭದ್ರತೆ. ಊಟವು ಹೊಟ್ಟೆಯಲ್ಲಿ ನಿಲ್ಲುವುದು ಮಾತ್ರ ಅರಬ್ಬೀ ಸಮುದ್ರದ ಕೃಪೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಅಲೆಗಳಿಗೆ ಎದುರಾಗಿ ಹೋಗುವಾಗ, ಒಳಕಿವಿಯ ಸಮತೋಲನಕ್ಕೂ ಕಣ್ಣಿಗೆ ಕಾಣುವುದಕ್ಕೂ ಹೊಂದಿಕೆ ತಪ್ಪಿ ಉಂಟಾಗುವ ವಾಂತಿಯಿಂದ ಬಹುಮಂದಿ ಏಡನ್ ತಲಪುವವರೆಗೂ ಮಲಗಿಯೇ ಇರುತ್ತಿದ್ದರು. ಹಡಗಿನ ಮಧ್ಯಭಾಗದಲ್ಲಿ ತೆರೆದ ಡೆಕ್ಕಿನ ಮೇಲೆ ಕುಳಿತು ದೂರದ ದಿಗಂತವನ್ನು ನೋಡುವುದು, ಒಣ ಬಿಸ್ಕತ್ತು ಮೆಲ್ಲುವುದು ಇವೇ ಅಂದಿಗೂ ಇಂದಿಗೂ ಹೇಳುವ ಸರಳ ಉಪಾಯಗಳು.

1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಯಿತು. ಡಾಲರಿನ ಬೆಲೆ 4 ರೂ. 76 ಪೈಸೆಯಿಂದ 7 ರೂ. 50 ಪೈಸೆಗೆ ಏರಿತು. ನೂರು ಡಾಲರಿನ ಟಿಕೇಟಿಗೆ ಒಂದೇ ರಾತ್ರಿಯಲ್ಲಿ 476ರ ಬದಲು 750 ರೂಪಾಯಿ. ಸರಿಯಾಗಿ ಒಂದು ವರ್ಷದ ಬಳಿಕ, 1967ರ ಜೂನಿನಲ್ಲಿ, ಅರಬ್-ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿತು. 1956ರಲ್ಲಿಯೂ ಮುಚ್ಚಿತ್ತು, ಆದರೆ ಆಗ ಕೆಲವೇ ತಿಂಗಳು. ಈ ಸಲ ಎಂಟು ವರ್ಷ. ಇಂಗ್ಲಿಷ್ ಹಡಗುಗಳಿಗೆ ಆಫ್ರಿಕಾವನ್ನು ಸುತ್ತುವುದು ನಷ್ಟ. ಆಡ್ರಿಯಾಟಿಕ್ಕಿನ ಹಡಗುಗಳಿಗಂತೂ ಅದು ಆಘಾತ. ಅವು ಮೊದಲು ಪಶ್ಚಿಮಕ್ಕೆ ಜಿಬ್ರಾಲ್ಟರಿನವರೆಗೆ ಹೋಗಿ ಆಮೇಲೆ ದಕ್ಷಿಣಕ್ಕೆ ತಿರುಗಬೇಕು. ಮುಂಬಯಿಯ ದೂರವು ಎರಡು ಪಟ್ಟಿಗೂ ಮೀರಿತು. ಕಾಲುವೆಯಿಂದ ಹುಟ್ಟಿದ ಅನುಕೂಲವು ಕಾಲುವೆಯೊಡನೆ ಹೋಯಿತು. ಇತ್ತ ಏರ್ ಇಂಡಿಯಾ 1960ರಲ್ಲಿ ಬೋಯಿಂಗ್ 707 ವಿಮಾನಗಳನ್ನೂ 1971ರಲ್ಲಿ ಜಂಬೋ ಜೆಟ್ಟನ್ನೂ ತಂದಿತು. 1973ರಲ್ಲಿ ತೈಲದ ಬೆಲೆ ಏರಿದಾಗ, ಹಲವು ವರ್ಷಗಳಿಂದ ಸರಕಾರದ ಸಹಾಯಧನದಿಂದ ನಡೆಯುತ್ತಿದ್ದ ಹಡಗುಗಳ ನಷ್ಟವನ್ನು ಮುಚ್ಚಿಡುವುದು ಇಟಲಿಗೆ ಸಾಧ್ಯವಾಗಲಿಲ್ಲ. ಎಪ್ಪತ್ತರ ದಶಕ ಮುಗಿಯುವುದರೊಳಗೆ ಲಾಯ್ಡ್ ತ್ರಿಯೆಸ್ತಿನೊ ಪ್ರಯಾಣಿಕರ ಸಾಗಣೆಯನ್ನೇ ಕೈಬಿಟ್ಟಿತು. ಸರಕು ಸಾಗಣೆಗೆ ಸೀಮಿತವಾದ ಕಂಪೆನಿಯನ್ನು 1998ರಲ್ಲಿ ತೈವಾನಿನ ಎವರ್‌ಗ್ರೀನ್ ಸಂಸ್ಥೆ ಕೊಂಡಿತು. 2006ರಲ್ಲಿ ಹೆಸರೂ ಬದಲಾಗಿ ಇಟಾಲಿಯಾ ಮರಿತ್ತಿಮಾ ಆಯಿತು.

ಏಷ್ಯಾ ಹಡಗನ್ನು ಕುರಿಗಳನ್ನು ಸಾಗಿಸುವ ಹಡಗನ್ನಾಗಿ ಮಾರ್ಪಡಿಸಲಾಯಿತು. ವಿಕ್ಟೋರಿಯಾದ ಹಣೆಬರಹ ಬೇರೆಯಾಗಿತ್ತು. 1978ರಲ್ಲಿ ಒಂದು ಕ್ರೈಸ್ತ ಸೇವಾಸಂಸ್ಥೆಯು ಅದನ್ನು ಸುಮಾರು ಹತ್ತು ಲಕ್ಷ ಡಾಲರುಗಳಿಗೆ ಕೊಂಡು, ಗ್ರೀಕ್ ಭಾಷೆಯಲ್ಲಿ ಪುನರುತ್ಥಾನ ಎಂಬ ಅರ್ಥದ ಅನಸ್ತಾಸಿಸ್ ಎಂಬ ಹೆಸರಿಟ್ಟಿತು. ದುರಸ್ತಿಯಾಗದೆ, ಹಣವಿಲ್ಲದೆ ಅದು ಗ್ರೀಸಿನ ಕೊಲ್ಲಿಯಲ್ಲಿ ನಾಲ್ಕು ವರ್ಷ ನಿಂತಿತ್ತು, 1982ರಲ್ಲಿ ಹೊರಟಿತು. ಸರಕಿನ ಕೋಠಿಗಳಿದ್ದ ಜಾಗದಲ್ಲಿ ಮೂರು ಶಸ್ತ್ರಚಿಕಿತ್ಸಾ ಕೊಠಡಿ, ನಲವತ್ತು ಹಾಸಿಗೆಯ ವಾರ್ಡು, ಎಕ್ಸ್‌ರೇ, ಪ್ರಯೋಗಶಾಲೆ, ಹಲ್ಲಿನ ಚಿಕಿತ್ಸೆಯ ವಿಭಾಗ ಬಂದವು. ಮರ್ಸಿ ಶಿಪ್ಸ್ ಸಂಸ್ಥೆಯ ಪ್ರಥಮ ಆಸ್ಪತ್ರೆಹಡಗು ಇದೇ. ವೈದ್ಯರೂ ದಾದಿಯರೂ ಅಡಿಗೆಯವರೂ ಸಂಬಳ ಪಡೆಯದೆ, ತಮ್ಮ ಊಟವಸತಿಯ ಖರ್ಚನ್ನು ತಾವೇ ಭರಿಸಿ ದುಡಿಯುವರು. ಪಶ್ಚಿಮ ಆಫ್ರಿಕಾದ ಬೆನಿನ್, ಘಾನಾ, ಟೋಗೊ, ಸಿಯೆರಾ ಲಿಯೋನ್, ಲೈಬೀರಿಯಾ ಮೊದಲಾದ ದೇಶಗಳ ಧಕ್ಕೆಗಳಲ್ಲಿ ತಿಂಗಳುಗಟ್ಟಲೆ ತಂಗಿ, ಕಣ್ಣಿನ ಪೊರೆ, ಸೀಳುತುಟಿ, ಮುಖವನ್ನೇ ಮರೆಮಾಡುವಷ್ಟು ಬೆಳೆದ ಗಡ್ಡೆಗಳು, ಕಷ್ಟದ ಹೆರಿಗೆಯ ತರುವಾಯ ಮೂತ್ರ ತಡೆಯಲಾರದೆ ಮನೆಯಿಂದ ಹೊರದೂಡಲ್ಪಟ್ಟ ಹೆಂಗಸರ ಫಿಸ್ಟುಲಾ ಇವುಗಳಿಗೆ ಅಲ್ಲಿ ಉಚಿತವಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಬಂದರದಲ್ಲಿ ಹಡಗು ಕಟ್ಟುವ ದಿನ ತಪಾಸಣೆಗಾಗಿ ಸಾವಿರಾರು ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಒಂದು ಕಾಲಕ್ಕೆ ಮೊದಲನೆಯ ದರ್ಜೆಯ ಟಿಕೇಟು ಕೊಂಡವರಿಗಾಗಿ ಕಟ್ಟಿದ ಹಡಗಿಗೆ ಈಗ ಟಿಕೇಟಿಲ್ಲದವರೇ ಪ್ರಯಾಣಿಕರು.

ಡೆನ್ಮಾರ್ಕಿನಲ್ಲಿ ರೈಲುಗಾಡಿಗಳನ್ನು ದಾಟಿಸುತ್ತಿದ್ದ ಒಂದು ಫೆರಿಯನ್ನು ಮಾರ್ಪಡಿಸಿ ಸಂಸ್ಥೆಯು ಆಫ್ರಿಕಾ ಮರ್ಸಿ ಎಂಬ ಹೊಸ ಆಸ್ಪತ್ರೆಹಡಗನ್ನು ಸಿದ್ಧಪಡಿಸಿದ ಮೇಲೆ, 54 ವರ್ಷ ಸಮುದ್ರದಲ್ಲಿ ಕಳೆದ ಅನಸ್ತಾಸಿಸ್ ನಿವೃತ್ತಿ ಹೊಂದಿತು. 2007ರಲ್ಲಿ ಅದು ಕೊನೆಯ ಸಲ ಅರಬ್ಬೀ ಸಮುದ್ರವನ್ನು ದಾಟಿ, ಮುಂಬಯಿಗೆ ಉತ್ತರದಲ್ಲಿ, ಖಂಬಾತ್ ಕೊಲ್ಲಿಯ ಅಲಂಗ್ ತೀರಕ್ಕೆ ಬಂದಿತು. ಭರತದ ನೀರಿನಲ್ಲಿ ಅದನ್ನು ಮರಳಿನ ಮೇಲೆ ಹತ್ತಿಸಿ, ಇಳಿತದಲ್ಲಿ ಒಡೆಯಲು ಆರಂಭಿಸಿದರು.